ಶಿಶುವಿಹಾರದ ಆಟಿಕೆ ಕಪಾಟು

ಮಕ್ಕಳಿರುವ ಕೋಣೆಯಲ್ಲಿ ಸಾಮಾನು ಓರಣವಾಗಿಡಲು ಹೊರಟವರು ಒಂದಲ್ಲ ಒಂದು ಪೇಚಿಗೆ ಸಿಕ್ಕಿಬೀಳುತ್ತಲೇ ಇರುತ್ತಾರೆ. ನಾನಂತೂ ಹಲವು ಸಲ ಬಿದ್ದಿದ್ದೇನೆ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು ನಾನು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಸದಾಶಿವ ಪೇಠೆಯ ಒಂದು ವಾಡೆಯಲ್ಲಿ, ಎಂದರೆ ಹಲವು ಬಿಡಾರಗಳ ಹಳೆಯ ದೊಡ್ಡ ಮನೆಯಲ್ಲಿ, ಕನ್ನಡ ಮಕ್ಕಳಿಗಾಗಿ ಶಿಶುವಿಹಾರ ನಡೆಸುತ್ತಿದ್ದೆ. ಇದ್ದದ್ದು ಒಂದೇ ಕೋಣೆ. ಆಟಿಕೆಗಳೆಲ್ಲ ನೆಲದ ಮೇಲೆ.

೧. ಬುಗುರಿ

ವಾಡೆಯ ಮಾಲಕರು ಬೆಳಗಾವಿ ಕಡೆಯ ಹಿರಿಯರು. ಕೋಣೆಯನ್ನು ನಮಗೆ ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದರು. ಒಂದು ಮುಂಜಾನೆ, "ಹುಡುಗರು ಏನ್ ಕಲೀತಾವ ನೋಡೂಣು" ಎನ್ನುತ್ತ ಒಳಗೆ ಬಂದವರು ನೇರವಾಗಿ ಬುಗುರಿಯ ಮೇಲೆ ಕಾಲಿಟ್ಟು ಧೊಪ್ಪನೆ ಕೂತರು. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ಆದರೆ ಸಿಟ್ಟು ನೆತ್ತಿಗೇರಿತ್ತು.

"ಅಕ್ಕಾರ, ದೀಪಾವಳಿ ಒಳಗ ಇದನ್ನೆಲ್ಲಾ ಒಂದ್ ಕಡೆ ಹೊಂದಿಸಿ ಇಡ್ರಿ. ಇಲ್ಲಾಂದ್ರ ಕೋಣಿ ಖಾಲಿ ಮಾಡ್ರಿ!"

ಆ ಪೇಠೆಯಲ್ಲಿ ಇನ್ನೊಂದು ಕೋಣೆ ಯಾರು ಕೊಡಬೇಕು? ನಾನು ತಲೆ ತಗ್ಗಿಸಿ ನಿಂತಿದ್ದರೆ ಹಿಂದಿನಿಂದ ಒಂದು ಪುಟ್ಟ ದನಿ ಬಂತು: "ಅಜ್ಜಾ, ಇನ್ನೊಮ್ಮೆ ಬಿದ್ದು ತೋರಸ್ರಿ!"

೨. ಎತ್ತರ

ಬಡಗಿಯನ್ನು ಕರೆಸಿದೆ. ಯುದ್ಧದ ಕಾಲ, ಒಳ್ಳೆಯ ಕಟ್ಟಿಗೆ ಸಿಗುವ ಹಾಗಿರಲಿಲ್ಲ. ಅಂಗಡಿಗಳಿಂದ ಚಹಾದ ಖಾಲಿ ಪೆಟ್ಟಿಗೆ ತಂದು, ಬಿಚ್ಚಿ, ಉಜ್ಜಿ, ಕಪಾಟು ಮಾಡಿದ. ನೋಡಲು ಚೆಂದವೇ ಇತ್ತು. ಆದರೆ ನನಗಿಂತ ಎತ್ತರ!

"ಹುಡುಗರಿಗೆ ಕೈ ನಿಲುಕೂದಿಲ್ಲಲ್ಲಪಾ?" ಎಂದೆ.

ಪುಣೆಯ ಕನ್ನಡಿಗರ ಮನೆಗಳಲ್ಲಿ ದುಡಿದು ಕನ್ನಡ ಕಲಿತಿದ್ದ ಅವನು ಹೆಮ್ಮೆಯಿಂದ ಹೇಳಿದ: "ಅದಕ್ಕ ಹಿಂಗ ಮಾಡೇನ್ರೀ ಅಕ್ಕಾರ. ಆಟಿಗಿ ಹೊಸಾವ ಉಳೀತಾವ."

ಕಪಾಟನ್ನು ನಡುವೆ ಕೊಯ್ದು, ಎರಡು ಗಿಡ್ಡ ಕಪಾಟು ಮಾಡು ಎಂದೆ. ಮಾಡಿದ್ದನ್ನು ಕೆಡಿಸಲು ಯಾರಿಗೆ ಮನಸ್ಸಾಗುತ್ತದೆ? ಅವನು ಗರಗಸ ಹಿಡಿದು ಮುಖ ಸಣ್ಣದು ಮಾಡಿದ. "ಗಿಡ್ಡ ಮಾಡಿದ್ರ ಎಲ್ಲಾ ಮುರದ ಹಾಕ್ತಾವ್ರೀ."

"ಮುರೀಲಿ. ಮತ್ತ ನಿನ್ನs ಕರಸ್ತೀನಿ."

ಆಮೇಲೆ ಗರಗಸ ಎಷ್ಟು ಹುರುಪಿನಿಂದ ಓಡಿತೆಂದರೆ, ಸಾಕು ಎಂದು ನಾನೇ ಕೂಗಬೇಕಾಯಿತು.

೩. ಹುಲಿಮರಿ

ಓದಲು ಬಾರದ ಮಕ್ಕಳು. ಹೀಗಾಗಿ ಒಂದೊಂದು ಹಲಗೆಯ ಮೇಲೆ ಒಂದೊಂದು ಚಿತ್ರ ಅಂಟಿಸಿದೆ: ಕುದುರೆ, ದೋಣಿ, ಗೊಂಬೆ, ಆಕಳು, ಹುಲಿ. ಎಲ್ಲವೂ ತಮ್ಮ ತಮ್ಮ ಜಾಗ ಸೇರಿದವು. ಮಣ್ಣಿನ ಹುಲಿಮರಿಯೊಂದು ಮಾತ್ರ ದಿನಾ ಸಂಜೆ ಆಕಳ ಪಕ್ಕದಲ್ಲಿರುತ್ತಿತ್ತು. ತೆಗೆದು ಬೇರೆ ಇಟ್ಟರೆ ಮರುದಿನ ಮತ್ತೆ ಅಲ್ಲೇ.

ಇಡುತ್ತಿದ್ದವಳು ಒಬ್ಬ ಪುಟ್ಟ ಹುಡುಗಿ. ಆ ವರ್ಷವೇ ತಾಯಿಯನ್ನು ಕಳೆದುಕೊಂಡು ಸೋದರತ್ತೆಯ ಮನೆಯಲ್ಲಿದ್ದಳು. ಕೇಳಿದ್ದಕ್ಕೆ, "ಇದಕ್ಕ ಅವ್ವ ಇಲ್ಲರೀ ಅಕ್ಕಾರ. ಆಕಳ ಹತ್ರ ಹಾಲರೆ ಸಿಗ್ತದ" ಎಂದಳು.

ಆಟಿಕೆಗೆ ಜಾಗ ಗೊತ್ತುಮಾಡಲು ಹೊರಟಿದ್ದೆ. ಜಾಗವೆಂದರೆ ಏನೆಂದು ಈ ಕೂಸಿಗೆ ನನಗಿಂತ ಮೊದಲೇ ಗೊತ್ತಿತ್ತು. ಹುಲಿಮರಿಯನ್ನು ಅಲ್ಲೇ ಬಿಟ್ಟೆ.

ಪಕ್ಕದ ಹುಡುಗ ಮಾತ್ರ ಬಿಡಲಿಲ್ಲ. "ದೊಡ್ಡದಾದ ಮ್ಯಾಲೆ ಆಕಳನ್ನs ತಿಂತದಲ್ಲs?"

"ಹೆಂಗ ತಿಂತದ?" ಎಂದಳು ಹುಡುಗಿ. "ದೊಡ್ಡದಾದ ಮ್ಯಾಲೆ ಸಾಲಿ ಕಲೀಲಿಕ್ಕ ಹೋಗ್ತದ."

೪. ಉಳಿದದ್ದು

ದೀಪಾವಳಿ ಹತ್ತಿರ ಬಂತು, ಮಾಲಕರೂ ಬಂದರು. ಕಪಾಟುಗಳನ್ನು ನೋಡಿ "ಹ್ಞೂಂ" ಎಂದರು. ಚಪ್ಪಲಿ ಬಿಟ್ಟು, ತಲೆಯ ಪಗಡಿ, ಕನ್ನಡಕ, ಬಡಿಗೆ ಎಲ್ಲ ಪಕ್ಕಕ್ಕಿಟ್ಟು ಜಮಖಾನೆಯ ಮೇಲೆ ಕೂತರು. ನಾನು ಚಹಾ ತರಲು ಹೋದೆ. ಬರುವಷ್ಟರಲ್ಲಿ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ಮನೆಗೆ ಹೋಗುವ ಹೊತ್ತಿಗೆ ನೆಲದ ಮೇಲೆ ಏನೂ ಉಳಿಯಬಾರದು ಎಂದು ನಾನು ಮಕ್ಕಳಿಗೆ ಪಾಠ ಮಾಡಿದ್ದೆ ನೋಡಿ, ಪಗಡಿ, ಬಡಿಗೆ ಒಂದೂ ಕಾಣಲಿಲ್ಲ.

ಮಾಲಕರು ಕಣ್ಣು ಬಿಟ್ಟರು. "ನನ್ನ ಪಗಡಿ ಎಲ್ಲದ?"

ಹುಡುಕಿದೆವು. ಬಡಿಗೆ ಕುದುರೆಗಳ ಸಾಲಿನಲ್ಲಿತ್ತು. ಚಪ್ಪಲಿ ದೋಣಿಗಳ ಜೊತೆ ಸೇರಿತ್ತು. ಪಗಡಿಯೊಳಗೆ ಒಂದು ಗೊಂಬೆ ಮಲಗಿತ್ತು. ಕನ್ನಡಕವೂ ಅದರ ಮೂಗಿನ ಮೇಲೇ. ಕೋಣೆ ಹೋಯಿತು ಎಂದುಕೊಂಡೆ.

ಮಾಲಕರು ಗೊಂಬೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು. "ನನ್ನ ಮನ್ಯಾಗೂ ಇಷ್ಟು ಛಂದ ಇಡೂದಿಲ್ಲರೀ ಅಕ್ಕಾರ. ಕೋಣಿ ನಿಮಗs ಇರ್ಲಿ."

ನಾನು ಚಹಾ ಅವರ ಮುಂದಿಟ್ಟೆ. ಅಷ್ಟರಲ್ಲಿ ಯಾರೋ ಸೆರಗು ಜಗ್ಗಿದರು. ನೋಡಿದರೆ ಕೆಲಸ ಇನ್ನೂ ಮುಗಿದಿಲ್ಲವೆಂದು ಚಿಂತೆಯಲ್ಲಿದ್ದ ಒಬ್ಬ ಹುಡುಗ.

"ಅಕ್ಕಾರ, ನೆಲದ ಮ್ಯಾಲೆ ಇನ್ನ ಅಜ್ಜಾರೊಬ್ಬರs ಉಳದಾರ. ಇವರ ಚಿತ್ರ ಯಾವ ಹಲಗಿ ಮ್ಯಾಲೂ ಇಲ್ಲಲ್ಲರೀ?"