ಸುಬಾನಸಾಬರ ನಿದ್ದೆಯ ವ್ಯಾಪಾರ

ಜಗಳೂರಿನ ದರ್ಜಿ ಸುಬಾನಸಾಬರ ನಿದ್ದೆ ಕದ್ದ ಕಳ್ಳ ಅವರ ಅಂಗಳದಲ್ಲೇ ಗೂಟಕ್ಕೆ ಕಟ್ಟಿಸಿಕೊಂಡು ಸೊಪ್ಪು ಮೇಯುತ್ತಿತ್ತು. ಹೆಂಡತಿ ಸೈದಾಬೀ ಮರಿಯಿಂದ ಸಾಕಿದ ಟಗರು ಅದು. ರಾತ್ರಿಯೆಲ್ಲ ಅದು ಅರಚುವುದರಿಂದಲೇ ತಮ್ಮ ಕಣ್ಣಿಗೆ ಕಣ್ಣು ಹತ್ತುವುದಿಲ್ಲ ಎಂಬುದು ಸಾಬರ ಘನ ಸಂಶೋಧನೆ.

“ಪಾಪ, ಅದರ ಮ್ಯಾಲೆ ಯಾಕೆ ಹಾಕ್ತೀರಿ? ಮಧ್ಯಾಹ್ನ ಮಿಷನ್ ಮ್ಯಾಲೆ ತಲೆಯಿಟ್ಟು ಗೊರಕೆ ಹೊಡೀತೀರಿ, ದೀಪ ಹಚ್ಚೋ ಹೊತ್ತಿಗೆ ಚಾ ಮ್ಯಾಲೆ ಚಾ ಕುಡೀತೀರಿ. ನಿದ್ದೆ ಎಲ್ಲಿಂದ ಬರಬೇಕ್ರೀ?”

“ಚಾದಿಂದ ನಿದ್ದೆ ಕೆಡ್ತೈತೇನೆ? ಚಾಪುಡಿ ಕಂಪನಿಯೋರು ಸಂತೇಲಿ ಪುಕ್ಕಟೆ ಕುಡಿಸ್ತಾರೆ, ಕೆಟ್ಟದ್ದಾಗಿದ್ರೆ ಕುಡಿಸ್ತಿದ್ರಾ?” (ಪುಕ್ಕಟೆಯಾದರೆ ಸಾಬರು ಹರಳೆಣ್ಣೆಗೂ ಲೋಟ ಒಡ್ಡುವವರೇ!) “ಇವತ್ತು ಆ ಟಗರನ್ನ ಮಾರೇ ಬಿಡ್ತೀನಿ.”

“ಮಾರಿದ್ರೆ ನಾನು ತವರಿಗೆ ಹೋಗ್ತೀನಿ” ಎಂದು ಸೈದಾಬೀ ಅತ್ತೇಬಿಟ್ಟಳು. ಆದರೂ ಸಾಬರು ಟಗರನ್ನು ಎಳೆದುಕೊಂಡು ಸಂತೆಗೆ ನಡೆದರು.

ಕುರಿಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಸುಕಿ ಹೇಳಬೇಕು. ಒಪ್ಪದವನು ಕೈ ಬಿಡಬೇಕು, ಒಪ್ಪಿದವನು ಬಿಗಿಯಾಗಿ ಹಿಡಿಯಬೇಕು. ದಲ್ಲಾಳಿ ಪಾಲಣ್ಣ ಇಬ್ಬರ ಕೈಗಳ ಮೇಲೆ ಟವೆಲ್ ಹೊದಿಸಿದ. ಎದುರಿಗೆ ಕೂತವನು ಬಿಳಿಚೋಡು ಊರಿನ ಬೆನಕಪ್ಪ. ರೊಕ್ಕದ ಮಾತಲ್ಲದ್ದರಿಂದ ಅವನು ಬಾಯಿಬಿಟ್ಟೇ ಹೇಳಿದ.

“ನಿಮ್ಮ ಟಗರು ನನಗ್ಯಾಕ್ರಿ ಸಾಬ್ರೆ? ನನ್ನ ಐದು ಕುರಿ ನೀವೇ ತಗೊಳ್ರಿ. ರೊಕ್ಕ ಬ್ಯಾಡ, ಯುಗಾದಿಗೆ ನಮ್ಮ ಮನೆಮಂದಿಗೆಲ್ಲ ಬಟ್ಟೆ ಹೊಲಿದ್ಕೊಡ್ರಿ.”

ಸಾಬರಿಗೆ ಇದ್ಯಾವುದೂ ಕೇಳಿಸಲಿಲ್ಲ. ಮಧ್ಯಾಹ್ನದ ಬಿಸಿಲು, ಅಭ್ಯಾಸದ ಹೊತ್ತು. ಕೂತಲ್ಲೇ ನಿದ್ದೆ ಹೋಗಿದ್ದರು. ಸುತ್ತ ನೂರಾರು ಕುರಿ ಅರಚಿದರೂ ಎಚ್ಚರವಿಲ್ಲ. ಕನಸಿನಲ್ಲಿ ಬಾವಿಗೆ ಬೀಳುವಂತಾಗಿ, ಟವೆಲ್ಲಿನ ಕೆಳಗೆ ಸಿಕ್ಕಿದ ಬೆನಕಪ್ಪನ ಕೈಯನ್ನು ಗಬಕ್ಕನೆ ಹಿಡಿದುಕೊಂಡರು.

“ವ್ಯಾಪಾರ ಆತು!” ಎಂದು ಪಾಲಣ್ಣ ಟವೆಲ್ ಕೊಡವಿದ.

“ಅಯ್ಯಯ್ಯೋ, ನಾನು ನಿದ್ದೆ ಮಾಡ್ತಿದ್ದೆ ಕಣ್ರಪ್ಪಾ!”

“ನಿಮಗೆ ನಿದ್ದೇನೇ ಬರಾಕಿಲ್ಲ ಅಂತ ಇಡೀ ಜಗಳೂರಿಗೇ ಗೊತ್ತೈತಲ್ರೀ” ಎಂದು ಪಾಲಣ್ಣ ನಕ್ಕ.

ಹೊತ್ತು ಮುಳುಗುವಾಗ ಟಗರಿನ ಹಿಂದೆ ಐದು ಕುರಿ, ಅವುಗಳ ಹಿಂದೆ ಸಾಬರು, ಸಾಬರ ಹಿಂದೆ ಸಂತೆಯಲ್ಲೇ ಕೊಂಡ ಬಟ್ಟೆಯ ಗಂಟು ಹೊತ್ತ ಬೆನಕಪ್ಪ ಮನೆಗೆ ಬಂದರು. ಬೆನಕಪ್ಪನದು ಅಣ್ಣತಮ್ಮಂದಿರೆಲ್ಲ ಕೂಡಿರುವ ಮನೆ. ಗಂಟು ಬಾಗಿಲಲ್ಲಿ ತೂರಲಿಲ್ಲ. ತವರಿಗೆಂದು ಸೀರೆ ಮಡಚುತ್ತಿದ್ದ ಸೈದಾಬೀ ಓಡಿಬಂದು ಟಗರಿನ ಕೊರಳು ತಬ್ಬಿಕೊಂಡಳು. ನಡೆದದ್ದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಾಬರು ದಿಂಬಿನ ಕಡೆ ನೋಡಿದರು. ದಿನವಿಡೀ ನಡೆದು ಕಾಲು ಸೋತಿದ್ದವು, ಚಾ ಕುಡಿಯಲೂ ಪುರುಸೊತ್ತಾಗಿರಲಿಲ್ಲ. ದವಡೆ ಕಳಚಿ ಬೀಳುವಂಥ ಆಕಳಿಕೆ ಬಂತು.

ಸೈದಾಬೀ ದೀಪದ ಬತ್ತಿ ಏರಿಸಿ, ಮಿಷನ್ನಿನ ಸೂಜಿಗೆ ದಾರ ಪೋಣಿಸಿದಳು. “ಯುಗಾದಿ ಹತ್ರ ಬಂತು. ಹೆಂಗೂ ನಿಮಗೆ ನಿದ್ದೆ ಬರಾಕಿಲ್ಲ, ಕುಂತು ಹೊಲೀರಿ” ಎಂದವಳೇ ಚಾಪೆ ಹಾಸಿಕೊಂಡು ಮಲಗಿಬಿಟ್ಟಳು.