ಸೆಮಿ ಚಲೋನೋ, ಪಂಪ್ ಚಲೋನೋ?

ಶಿಗ್ಗಾಂವದಲ್ಲಿ ನನ್ನದೊಂದು ಬಂದೂಕು ರಿಪೇರಿ ಅಂಗಡಿ ಇದೆ. ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರು, ಬ್ಯಾಂಕಿನ ಕಾವಲುಗಾರರು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಸೆಮಿ ಆಟೋಮ್ಯಾಟಿಕ್ ಚಲೋನೋ, ಪಂಪ್ ಚಲೋನೋ? ಯಾವುದು ಕೈಕೊಡೂದಿಲ್ಲ ಹೇಳ್ರಿ." ಸೆಮಿ ಅಂದರೆ ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ಒಳಗೆ ಎಳೆದುಕೊಳ್ಳುವ ಬಂದೂಕು. ಪಂಪಿನದಕ್ಕೆ ಪ್ರತಿ ಸಲವೂ ನಳಿಕೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಜಗ್ಗಬೇಕು. ನಾನು ಉತ್ತರ ಹೇಳಬೇಕೆನ್ನುವಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ಗಾಣದ ಎಣ್ಣಿ

ಹಿರೇಕೆರೂರ ಕಡೆಯ ರೈತರೊಬ್ಬರು ಹೊಸ ಸೆಮಿಯನ್ನು ಟೇಬಲ್ಲಿನ ಮೇಲೆ ಇಟ್ಟರು. "ಒಂದು ಹಾರತೈತಿ, ಎರಡನೇದು ನಡುವ ಸಿಕ್ಕೊಂತೈತಿ. ಮೋಸ ಆತ್ರಿ."

ಬಿಚ್ಚಿದೆ. ಒಳಗೆಲ್ಲ ಅಂಟು. ಅಂಟಿನ ತುಂಬ ಇರುವೆ.

"ಎಣ್ಣಿ ಯಾವುದು ಹಾಕಿದ್ರಿ?"

"ಗಾಣದ್ದ್ರಿ, ಶುದ್ಧ ಶೇಂಗಾ ಎಣ್ಣಿ. ದುಬಾರಿ ಸಾಮಾನು, ಚಲೋದ ಹಾಕು ಅಂದ್ಳು ನಮ್ಮವ್ವ."

ಎಲ್ಲ ತೊಳೆದು ಬಂದೂಕಿನ ಎಣ್ಣೆ ಹಚ್ಚಿದೆ. ಅವರು ಬಾಟಲಿ ಮೂಸಿ ಮುಖ ಸಿಂಡರಿಸಿದರು. "ಇದನ್ನ ಕುಡದು ಬದುಕತೈತೇನ್ರಿ ಅದು?"

ಮಂಗ್ಯಾಗಳು

ಹಾನಗಲ್ಲ ಹತ್ತಿರ ಮಾವಿನ ತೋಟ ಇರುವ ಗೌಡರು ಪಂಪಿನ ಪಕ್ಷ. ಹಿಡಿ ಸಡಿಲಾಗಿದೆ, ಬಿಗಿ ಮಾಡಿ ಕೊಡ್ರಿ ಎಂದು ಬಂದಿದ್ದರು.

"ಇಷ್ಟ ವರ್ಷದಾಗ ಒಮ್ಮೆನೂ ಕೈಕೊಟ್ಟಿಲ್ರಿ. ನಾ ಬಂದೂಕು ಎತ್ತಿದ್ರ ಸಾಕು, ಮಂಗ್ಯಾ ಊರ ಬಿಟ್ಟು ಓಡ್ತಾವ."

ಬಿಚ್ಚಿ ನೋಡಿದರೆ ಗುಂಡು ತುಂಬಿದ ತೋಟಾಕ್ಕೆ ಬಡಿಯುವ ಮೊಳೆಯೇ ತುಕ್ಕು ಹಿಡಿದು ಮುರಿದು ಬಿದ್ದಿದೆ. "ಗೌಡ್ರ, ಇದು ಹಾರೂದು ಸಾಧ್ಯನ ಇಲ್ಲ."

"ಹಾರಿಸಿದವ್ರು ಯಾರ್ರಿ? ಚಕ್-ಚಕ್ ಅಂತ ಜಗ್ಗತೇನಿ. ಆ ಸಪ್ಪಳಕ್ಕ ಓಡ್ತಾವ."

"ಒಮ್ಮೆನೂ ಹಾರಿಸಿಲ್ಲೇನ್ರಿ?"

ಗೌಡರು ಆ ಕಡೆ ಈ ಕಡೆ ನೋಡಿ ದನಿ ಇಳಿಸಿದರು. "ಢಂ ಅಂದ್ರ ನನಗ ಎದಿ ಝಲ್ ಅಂತೈತ್ರಿ."

ಕಾವಲುಗಾರ ಚಾಚಾ

ಸವಣೂರಿನ ಬ್ಯಾಂಕೊಂದರ ಬಾಗಿಲಲ್ಲಿ ಕೂರುವ ಚಾಚಾ ಎರಡೂ ಬಗೆಯ ಬಂದೂಕು ಹಿಡಿದವರು. ಅವರನ್ನೇ ಕೇಳಿದೆ. ಅವರು ಮೊಣಕಾಲು ಸವರಿಕೊಂಡರು.

"ಬೇಟಾ, ಕುಂತಲ್ಲಿಂದ ಏಳೋ ಮುಂದ ನೆಲಕ್ಕ ಊರಾಕ ಗಟ್ಟಿ ಇರೂದ ಚಲೋ."

ಬೀಗರು

ಅಕ್ಕಿಆಲೂರ ಹತ್ತಿರದ ರೈತರೊಬ್ಬರದು ಸೆಮಿ, ಅವರ ಬೀಗರದು ಪಂಪು. ಮಕ್ಕಳ ಮದುವೆಯ ದಿನ ಊಟದ ಪಂಕ್ತಿಯಲ್ಲಿ ಶುರುವಾದ ವಾದ ಮುಗಿದಿರಲೇ ಇಲ್ಲ. ಮಾತು ಬಿಡುವ ಮಟ್ಟಕ್ಕೆ ಬಂದಾಗ ತೀರ್ಪಿಗೆ ನನ್ನನ್ನು ಕರೆದರು. ಸೆಮಿಯವರ ಹೊಲದ ಗೋವಿನಜೋಳಕ್ಕೆ ಕಾಡುಹಂದಿ ಬೀಳುವ ಹೊತ್ತಿಗೆ ಬದುವಿನ ಮೇಲೆ ಕೂರುವುದು, ಬೆದರಿಸಲಿಕ್ಕೆ ಆಕಾಶಕ್ಕೆ ಹಾರಿಸುವುದು, ಯಾರದು ಮೊದಲು ಹಾರಿತು ಎಂದು ನಾನು ಹೇಳುವುದು. ಹೀಗೆಂದು ಮಾತಾಯಿತು.

ಹೊತ್ತು ಮುಳುಗುತ್ತಿತ್ತು. ಬೆಳೆ ಅಲುಗಾಡಿತು. ಇಬ್ಬರೂ ದಡಕ್ಕನೆ ಎದ್ದರು. ಆಕಾಶ ಎಂಬುದೊಂದು ಇದೆಯೆಂದು ಇಬ್ಬರಿಗೂ ಮರೆತೇ ಹೋಯಿತು. ಎರಡೂ ನಳಿಕೆ ನೇರ ಬೆಳೆಯ ಕಡೆ. "ಮ್ಯಾಲ ಹಿಡೀರಿ!" ಎಂದು ನಾನು ಚೀರುವುದಕ್ಕೂ ಅವರು ಬಂದೂಕಿನ ಕುದುರೆ ಒತ್ತುವುದಕ್ಕೂ ಸರಿಹೋಯಿತು.

ಟಿಕ್. ಟಿಕ್.

ಸೆಮಿಯ ತೋಟಾ ತೇವ ಹಿಡಿದಿತ್ತು. ಪಂಪಿನವರು ಗಡಿಬಿಡಿಯಲ್ಲಿ ಅರ್ಧವೇ ಜಗ್ಗಿದ್ದರು, ತೋಟಾ ಒಳಗೇ ಹೋಗಿರಲಿಲ್ಲ.

ಬೆಳೆ ಸರಿಸಿಕೊಂಡು ಹೊರಗೆ ಬಂದವರು ಸೆಮಿಯ ಯಜಮಾನರ ಹೆಂಡತಿ. ಬೀಗರಿಗೆ ಸುಟ್ಟುಕೊಡಲು ಎಳೆ ತೆನೆ ಮುರಿದು ಉಡಿಯಲ್ಲಿ ತುಂಬಿಕೊಂಡಿದ್ದರು. ಎರಡು ನಳಿಕೆಗಳನ್ನೂ ಒಮ್ಮೆ ನೋಡಿದರು.

"ಯಾರಿಗ್ರಿ ಗುರಿ ಹಿಡದೀರಿ?"

ಯಜಮಾನರು ಬಂದೂಕನ್ನು ಬದುವಿನ ಮೇಲೆ ಇಟ್ಟರು. ಬೀಗರೂ ತಮ್ಮದನ್ನು ಪಕ್ಕಕ್ಕೆ ಇಟ್ಟರು. ತೆನೆ ಸುಟ್ಟರು, ಯಾರೂ ತಿನ್ನಲಿಲ್ಲ.

ಮರುದಿನ ಬೀಗರಿಬ್ಬರೂ ಒಂದೇ ಗಾಡಿಯಲ್ಲಿ, ಜಗಳ ಮರೆತು, ಬಂದೂಕು ತೋರಿಸಲು ಅಂಗಡಿಗೆ ಬಂದರು. ಹಿಂದೆಯೇ ಆಕೆಯೂ ಇಳಿದರು. ನಾನು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಿದ್ದಂತೆ ಆಕೆ ಎರಡೂ ಬಂದೂಕುಗಳ ಮೇಲೆ ಕೈ ಅಡ್ಡ ಇಟ್ಟರು.

"ಅಣ್ಣಾರ, ಎರಡೂ ಭಾಳ ಭರೋಸಾದವು ಅದಾವ. ಕೈ ಹಚ್ಚಬ್ಯಾಡ್ರಿ."