ಬಾತುಕೋಳಿ ಮುಚ್ಚಿದ ಸಾಲು

ಎಲ್ಲ ರಗಳೆಗೂ ಮೂಲ, ಫ್ರಿಜ್ಜಿನ ಬಾಗಿಲಿಗೆ ಕಾಗದ ಸಿಕ್ಕಿಸುವ ಒಂದು ಬಾತುಕೋಳಿ ಮ್ಯಾಗ್ನೆಟ್ಟು.

ಫಿಸಿಕ್ಸ್ ಮೇಷ್ಟ್ರು ತರಗತಿಯಲ್ಲಿ ಮಹಾ ಕಟ್ಟುನಿಟ್ಟು. ‘ಪರೀಕ್ಷೆಗೆ ಯಾವುದು ಬರುತ್ತೆ ಸರ್?’ ಎಂದು ಯಾರಾದರೂ ಕೇಳಿದರೆ, ‘ಪುಸ್ತಕದಲ್ಲಿ ಇರೋದೆಲ್ಲಾ’ ಎಂದು ಬಾಯಿ ಮುಚ್ಚಿಸುತ್ತಿದ್ದರು. ಆದರೆ ಮನೆಯಲ್ಲಿ ಹನ್ನೆರಡನೇ ತರಗತಿಯ ಮಗಳು ಕಣ್ಣು ಕೆಂಪಗೆ ಮಾಡಿಕೊಂಡು ಓದುವುದನ್ನು ನೋಡಿದರೆ ಅವರ ಕರುಳು ಚುರ್ ಎನ್ನುತ್ತಿತ್ತು. ಹಾಗಾಗಿ ಪ್ರತಿ ಪರೀಕ್ಷೆಯ ಹಿಂದಿನ ದಿನ ಐದು ಪ್ರಶ್ನೆ ಆರಿಸಿ, ‘ಇವು ಖಂಡಿತ ಬರುವುದಿಲ್ಲ, ಬಿಟ್ಟುಬಿಡು’ ಎಂದು ತಲೆಬರಹ ಕೊಟ್ಟು ಫ್ರಿಜ್ಜಿಗೆ ಅಂಟಿಸುತ್ತಿದ್ದರು. ಓದುವ ಹೊರೆ ಅಷ್ಟಾದರೂ ಕಡಿಮೆಯಾಗಲಿ ಎಂಬ ಆಸೆ.

ಫೈನಲ್ ಪರೀಕ್ಷೆಯ ದಿನ ಬೆಳಿಗ್ಗೆ ಎದುರುಮನೆಯ ನರ್ಸಮ್ಮ ಹಾಲಿನ ಪಾತ್ರೆ ಹಿಡಿದು ಬಂದಳು. ಅವಳ ಫ್ರಿಜ್ಜು ಕೆಟ್ಟಿತ್ತು. ಹಾಲು ಇಡಲು ಹೋದವಳಿಗೆ ಕಂಡದ್ದು ಮೇಷ್ಟ್ರ ಕೈಬರಹದ ಐದು ಪ್ರಶ್ನೆಗಳು ಮಾತ್ರ. ತಲೆಬರಹದ ಮೇಲೆ ಬಾತುಕೋಳಿ ಹಾಯಾಗಿ ಕೂತಿತ್ತು. ಅವಳ ಮಗನಿಗೂ ಅವತ್ತೇ ಪರೀಕ್ಷೆ. ಸರಕ್ಕನೆ ಫೋಟೋ ಹೊಡೆದಳು. ಹಾಲು ತಣ್ಣಗಾಗುವ ಮೊದಲೇ ಆ ಫೋಟೋ ಬೀದಿಯ ಅಪ್ಪ ಅಮ್ಮಂದಿರ ಫೋನುಗಳಿಗೆಲ್ಲ ತಲುಪಿತ್ತು.

ಎಂಟು ಗಂಟೆಗೆ ನ್ಯೂಸ್‌ಪೇಪರು ತರಲು ಹೊರಟ ಮೇಷ್ಟ್ರನ್ನು ಮೂಲೆಯಂಗಡಿಯ ದರ್ಜಿ ಅಳತೆಪಟ್ಟಿಯ ಸಮೇತ ತಬ್ಬಿಕೊಂಡ.

“ನಿಮ್ಮ ಉಪಕಾರ ಮರೆಯಲ್ಲ ಮೇಷ್ಟ್ರೇ. ನನ್ನ ಮಗ ಮಿಕ್ಕಿದ್ದೆಲ್ಲ ಮುಚ್ಚಿಟ್ಟು ಆ ಐದನ್ನೇ ಉರು ಹೊಡೀತಿದಾನೆ.”

“ಯಾವ ಐದು?”

ದರ್ಜಿ ಫೋನು ತೋರಿಸಿದ. ಅದರಲ್ಲಿ ಮೇಷ್ಟ್ರದೇ ಪಟ್ಟಿ, ತಲೆಬರಹದ ಮೇಲೆ ಬಾತುಕೋಳಿ. ಆ ಹುಡುಗ ಹೋದ ವರ್ಷ ಇದೇ ಫಿಸಿಕ್ಸಿನಲ್ಲಿ ಫೇಲಾಗಿದ್ದ. ಓದುವ ಆಸೆ ಬೆಟ್ಟದಷ್ಟಿತ್ತು. ಆದರೆ ಈ ಸಲವೂ ಹೋದರೆ ಓದು ಬಿಡಿಸಿ ಹೊಲಿಗೆ ಮೆಷಿನ್ನಿಗೆ ಕೂರಿಸುತ್ತೇನೆಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ.

“ಅಯ್ಯೋ, ಇವು ಬರದೇ ಇರೋ ಪ್ರಶ್ನೆಗಳಪ್ಪ.”

ದರ್ಜಿ ಕಣ್ಣು ಮಿಟುಕಿಸಿದ. “ಗೊತ್ತು ಬಿಡಿ. ನಿಮ್ಮ ಕೆಲಸಕ್ಕೆ ನೀವು ಹಾಗೇ ಹೇಳಬೇಕು.”

ಮೇಷ್ಟ್ರು ಮನೆಗೆ ಓಡಿ, ಮೂಲ ಕಾಗದವನ್ನೇ ಕಿತ್ತುಕೊಂಡು ನರ್ಸಮ್ಮನ ಮುಂದೆ ಹಿಡಿದರು. ಅವಳು ಕಾಗದವನ್ನು ಎಕ್ಸ್‌ರೇ ನೋಡುವಂತೆ ಬೆಳಕಿಗೆ ಹಿಡಿದಳು.

“ಮೇಲಿನ ಸಾಲು ಈಗ ಸೇರಿಸಿದ್ದು ತಾನೇ ಸರ್? ಬೆಳಿಗ್ಗೆ ಇರಲಿಲ್ಲ. ನಿಮ್ಮ ಮಗಳೊಬ್ಬಳೇ ಪಾಸಾದ್ರೆ ಸಾಕಾ? ನಮ್ಮ ಮಕ್ಕಳೂ ಮಕ್ಕಳೇ.”

ಕೊನೆಗೆ ಮೇಷ್ಟ್ರು, ‘ಈ ಪಟ್ಟಿಯನ್ನು ಯಾರೂ ನಂಬಬೇಡಿ’ ಎಂದು ತಾವೇ ಎಲ್ಲರಿಗೂ ಮೆಸೇಜು ಕಳಿಸಿದರು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅದುವರೆಗೆ ಅನುಮಾನಪಡುತ್ತಿದ್ದ ನಾಲ್ಕು ಮನೆಯವರೂ, ಮೇಷ್ಟ್ರು ಇಷ್ಟು ಒದ್ದಾಡುತ್ತಿದ್ದಾರೆಂದರೆ ಪಟ್ಟಿ ಅಪ್ಪಟವೇ ಎಂದು ಮಕ್ಕಳನ್ನು ಓದಲು ಕೂರಿಸಿದರು.

ಪರೀಕ್ಷೆ ಎರಡು ಗಂಟೆಗೆ. ಗೇಟಿನಲ್ಲಾದರೂ ಹುಡುಗರನ್ನು ಹಿಡಿದು ಹೇಳೋಣವೆಂದು ಮೇಷ್ಟ್ರು ಹೊರಟರು. ಹೆಂಡತಿ ಕೊಡೆ ಕೊಟ್ಟಳು.

“ಬಿಸಿಲು ನೋಡು. ಒಂದು ಹನಿ ಬೀಳಲ್ಲ,” ಎಂದರು ಮೇಷ್ಟ್ರು.

“ಅದಕ್ಕೇ ಕೊಡ್ತಿರೋದು, ಹಿಡ್ಕೊಳ್ಳಿ,” ಎಂದಳು.

ಅದರ ಅರ್ಥ ಯೋಚಿಸುವಷ್ಟು ವ್ಯವಧಾನ ಯಾರಿಗಿತ್ತು? ಗೇಟಿನಲ್ಲಿ, “ಬೇರೆ ಪಾಠಾನೂ ಒಂದ್ಸಲ ನೋಡ್ಕೊಳ್ರಪ್ಪಾ” ಎಂದು ಅಂಗಲಾಚಿದ ಮೇಷ್ಟ್ರನ್ನು ಕಾವಲುಗಾರ ತೋಳು ಹಿಡಿದು ರಸ್ತೆಯ ಆಚೆ ಬಿಟ್ಟುಬಂದ. ಮಗಳು ಬರೆಯುತ್ತಿರುವುದರಿಂದ ಆ ವರ್ಷ ಅವರಿಗೆ ಪರೀಕ್ಷೆಯ ಕೆಲಸವಿರಲಿಲ್ಲ, ಒಳಗೆ ಬಿಡುವ ಹಾಗೂ ಇರಲಿಲ್ಲ. ಮೂರು ಗಂಟೆಗೆ ಧೋ ಎಂದು ಮಳೆ ಸುರಿಯಿತು. ಮೇಷ್ಟ್ರು ಕೊಡೆ ಬಿಚ್ಚಿ, ಹೊಲಿಗೆ ಮೆಷಿನ್ನಿನ ಮುಂದೆ ತಲೆ ತಗ್ಗಿಸಿ ಕೂತ ಹುಡುಗನನ್ನು ಕಲ್ಪಿಸಿಕೊಳ್ಳುತ್ತ ನಿಂತರು.

ಐದಕ್ಕೆ ಗಂಟೆ ಹೊಡೆಯಿತು. ಮೊದಲು ಹೊರಗೆ ಬಂದವನು ದರ್ಜಿಯ ಮಗನೇ. ಅವನು ನೇರ ತಮ್ಮತ್ತ ಓಡಿಬರುವುದನ್ನು ಕಂಡು ಮೇಷ್ಟ್ರು ಕೊಡೆಯನ್ನು ಗುರಾಣಿಯಂತೆ ಮುಂದೆ ಹಿಡಿದರು.

“ಸರ್, ಐದಕ್ಕೆ ಐದೂ ಬಂದಿತ್ತು. ಈ ಸಲ ಪಾಸು ಸರ್.” ಹುಡುಗ ಪ್ರಶ್ನೆಪತ್ರಿಕೆ ಬೀಸಿದ.

ಮೇಷ್ಟ್ರು ಪ್ರಶ್ನೆಪತ್ರಿಕೆ ಕಸಿದು ನೋಡಿದರು. ಟ್ರಾನ್ಸ್‌ಫಾರ್ಮರಿನಿಂದ ಹಿಡಿದು ಲೆನ್ಸಿನವರೆಗೆ ಐದೂ ಸಾಲಾಗಿ ಕೂತಿದ್ದವು. ಗ್ಯಾಸ್ ಸಿಲಿಂಡರನ್ನು ಮೂರು ಮಹಡಿ ಹೊತ್ತು ಕೆಳಗಿಟ್ಟಷ್ಟು ಹಗುರವಾಯಿತು ಅವರಿಗೆ. ಹುಡುಗನ ತಲೆ ಸವರಿದರು. ಸವರುತ್ತಿದ್ದ ಕೈ ಅಲ್ಲೇ ನಿಂತಿತು.

ಇಡೀ ಬೀದಿಯ ಮಕ್ಕಳಲ್ಲಿ ತಲೆಬರಹ ಗೊತ್ತಿದ್ದವಳು ಮಗಳೊಬ್ಬಳೇ. ಅಪ್ಪನ ಮಾತು ನಂಬಿ ಐದನ್ನೂ ಬಿಟ್ಟಿರುವವಳೂ ಅವಳೊಬ್ಬಳೇ. ಊರ ಮಕ್ಕಳನ್ನೆಲ್ಲ ದಡ ಸೇರಿಸಿ ಸ್ವಂತ ಮಗಳನ್ನು ಮುಳುಗಿಸಿದೆನಲ್ಲ ಎಂದು ಅವರಿಗೆ ಅಳುವೇ ಬಂತು.

ಮಗಳು ನಿಧಾನವಾಗಿ ಬಂದು ಕೊಡೆಯೊಳಗೆ ತೂರಿಕೊಂಡಳು.

“ತಪ್ಪಾಯ್ತು ಮಗಳೇ. ಎಷ್ಟು ಬಿಟ್ಟೆ?”

“ಏನೂ ಬಿಟ್ಟಿಲ್ಲಪ್ಪ. ಎಲ್ಲಾ ಬರೆದೆ.”

“ಆ ಐದನ್ನ ಬಿಡು ಅಂದಿದ್ದೆನಲ್ಲ?”

ಮಗಳು ಅಪ್ಪನ ತೋಳು ಹಿಡಿದಳು. “ಬೇಜಾರು ಮಾಡ್ಕೋಬೇಡ. ನೀನು ಬರಲ್ಲ ಅಂದಿದ್ದು ಹತ್ತನೇ ಕ್ಲಾಸಿಂದ ಒಂದ್ಸಲಾನೂ ತಪ್ಪದೆ ಬಂದಿದೆ. ಅಮ್ಮ ಅದನ್ನೇ ಮೊದಲು ಓದಿಸ್ತಾಳೆ. ಮೇಲಿನ ಸಾಲು ಓದಿದ್ರೆ ನನಗೆ ನಗು ಬರುತ್ತೆ ಅಂತ ಬಾತುಕೋಳಿ ಇಟ್ಟಿದ್ದೂ ಅವಳೇ.”

ಮೇಷ್ಟ್ರಿಗೆ ಅವಮಾನವಾಯಿತು. ಆದರೆ ಅದಕ್ಕಿಂತ ದೊಡ್ಡದಾಗಿ, ಎದೆ ತುಂಬ ಉಸಿರಾಡುವಷ್ಟು ನೆಮ್ಮದಿಯೂ ಆಯಿತು. ಇನ್ನು ಸಾಯುವವರೆಗೆ ಪಟ್ಟಿ ಬರೆಯುವುದಿಲ್ಲ ಎಂದು ದಾರಿಯುದ್ದಕ್ಕೂ ಪ್ರತಿಜ್ಞೆ ಮಾಡುತ್ತ ನಡೆದರು.

ಮನೆಯ ಮುಂದೆ ಅರ್ಧ ಬೀದಿ ನೆರೆದಿತ್ತು. ನಾಳಿದ್ದು ಗಣಿತ. ದರ್ಜಿ ಮೇಷ್ಟ್ರಿಗೆಂದು ತನ್ನ ಅಂಗಡಿಯ ಕುರ್ಚಿಯನ್ನೇ ಹೊತ್ತು ತಂದಿದ್ದ.

“ನಿಜವಾಗ್ಲೂ, ಯಾವುದು ಬರುತ್ತೆ ಅಂತ ನನಗೆ ಗೊತ್ತಿಲ್ಲ ಕಣ್ರಪ್ಪ,” ಎಂದರು ಮೇಷ್ಟ್ರು.

ಹೆಂಡತಿ ಕಾಗದ, ಪೆನ್ನು ತಂದು ಕೈಗಿತ್ತು, ಕಿವಿಯ ಬಳಿ ಬಗ್ಗಿದಳು.

“ಅದು ಗೊತ್ತಾಗೋದು ಬೇಡ. ಯಾವುದು ಬರಲ್ಲ ಅನ್ಸುತ್ತೋ ಅದನ್ನ ಬರೀರಿ. ಮೇಲಿನ ಸಾಲನ್ನ ಬಾತುಕೋಳಿ ನೋಡ್ಕೊಳ್ಳುತ್ತೆ.”